ದೋಣಿಯೊಳಗಿನ ನೀರು

ಅವರು ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ಕೊಲ್ಲೂರಿಗೆ ಹೋಗುವ ಬಸ್ಸಿನಲ್ಲಿ. ಪಕ್ಕದಲ್ಲಿ ಕೂತವಳು ಉಪ್ಪುಂದದ ಕಡೆಯ ಹೆಂಗಸು. ಮಾತಿಗೆ ಮಾತು ಬೆಳೆದು, ನಾನು ಒಂದು ಕಾಲದಲ್ಲಿ ಅವಳ ಊರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ ಎಂದು ಗೊತ್ತಾದದ್ದೇ ತಡ, "ಹಂಗಾರೆ ನೀರ್ ತೆಗ್ದ್ ಮಾಸ್ಟ್ರ್ ನಿಮ್ಗೆ ಗೊತ್ತಿಕ್ಕಲ್ದಾ? ಹ್ವಾದ್ ತಿಂಗ್ಳ್ ತೀರ್ಕಂಡ್ರ್ ಅಂಬ್ರ್" ಎಂದಳು.

ದುಃಖ ಆಮೇಲೆ ಬಂತು. ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷವಾದರೂ ಆ ಕಡಲತಡಿಯಲ್ಲಿ ಅವರಿಗೆ ಉಳಿದ ಹೆಸರು ಅದೇ, ನೀರು ತೆಗೆದ ಮಾಸ್ಟ್ರು. ಅವರಿಗೆ ಅದು ಖಂಡಿತ ಹಿಡಿಸುತ್ತಿರಲಿಲ್ಲ. ಆ ಹೆಸರಿನ ಹಿಂದಿನ ಕತೆಯಲ್ಲಿ ಊರವರು ಹೇಳುವುದು ಅರ್ಧ ಮಾತ್ರ, ಉಳಿದರ್ಧವನ್ನು ಕಣ್ಣಾರೆ ಕಂಡವರಲ್ಲಿ ನಾನೊಬ್ಬಳು. ಬಸ್ಸಿನಲ್ಲಿ ಕೂತು ವಾದ ಮಾಡುವುದು ಬೇಡವೆಂದು ಸುಮ್ಮನಾದೆ. ಮನೆಗೆ ಬಂದು ಬರೆಯಲು ಕೂತಿದ್ದೇನೆ.

ಅವರ ಹೆಸರನ್ನು ನಾನೂ ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದೆಂದರೆ ಅವರಿಗೆ ಮೈಮೇಲೆ ಚೇಳು ಬಿಟ್ಟ ಹಾಗಾಗುತ್ತಿತ್ತು. ನಮ್ಮದು ಇಬ್ಬರೇ ಶಿಕ್ಷಕರಿದ್ದ ಶಾಲೆ. ಅವರು ಹೆಡ್ಮಾಸ್ಟರು, ನಾನು ಬ್ರಹ್ಮಾವರದಿಂದ ಹೊಸದಾಗಿ ಬಂದ ಸಹಾಯಕಿ. ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳು. ಸೀಮೆಎಣ್ಣೆಗೆ ತತ್ವಾರ, ಬಟ್ಟೆಗೆ ತತ್ವಾರ, ಸೀಮೆಸುಣ್ಣದ ತುಂಡು ಉಗುರಿನಷ್ಟಾಗುವವರೆಗೂ ಬಿಸಾಡುವಂತಿಲ್ಲ. ಅವರು ಉದ್ದಕ್ಕೆ, ತೆಳ್ಳಗೆ, ಸ್ವಲ್ಪ ಮುಂದಕ್ಕೆ ಬಾಗಿ ನಡೆಯುವವರು. ಕಚ್ಚೆ ಪಂಚೆ, ಮೇಲೊಂದು ಮುಚ್ಚುಕೊರಳಿನ ಕೋಟು. ಕಷ್ಟದ ಮಾತೊಂದನ್ನು ಆಡಬೇಕಾದಾಗ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸುತ್ತಿದ್ದರು. ಎಷ್ಟು ಹೊತ್ತು ಒರೆಸುತ್ತಾರೆ ಎನ್ನುವುದರ ಮೇಲೆ ಮಾತು ಎಷ್ಟು ಕಷ್ಟದ್ದು ಎಂದು ನಾನು ಅಂದಾಜು ಮಾಡುತ್ತಿದ್ದೆ.

ಮಕ್ಕಳು ಉತ್ತರ ಹೇಳಿದರೆ ಸರಿ ಅಂತಲೂ ಹೇಳುವವರಲ್ಲ, ತಪ್ಪು ಅಂತಲೂ ಹೇಳುವವರಲ್ಲ. "ಹೌದಾ? ಕಾಂಬ" ಎನ್ನುವರು, ನೋಡೋಣ ಅಂತ, ಅಷ್ಟೇ. ಮೊದಮೊದಲು ನನಗೆ ಇದು ಬಹಳ ರೇಗುತ್ತಿತ್ತು. ಹತ್ತು ಆರಲಿ ಅರವತ್ತು ಎಂದು ಮಗು ಹೇಳಿದರೂ "ಹೌದಾ? ಕಾಂಬ" ಎಂದರೆ ಮಗ್ಗಿ ಕಲಿಸುವ ನನ್ನ ಗತಿ ಏನು?

ಒಂದು ಸಲ ಅವರಿಗೆ ಜ್ವರ ಬಂದು ಮಲಗಿದರು. ಹೆಂಡತಿ ಕಷಾಯ ಮಾಡಿಟ್ಟಿದ್ದರು, ಬೈಂದೂರಿನ ಡಾಕ್ಟರು ಮಾತ್ರೆ ಕೊಟ್ಟಿದ್ದರು. ನಾನು ನೋಡಲು ಹೋದಾಗ ಆ ಮನೆಯಲ್ಲಿ ದೊಡ್ಡ ಜಗಳ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ಗುಣವಾದದ್ದು ಯಾವುದರಿಂದ ಎಂದು ತಿಳಿಯುವುದು ಹೇಗೆ, ಅದಕ್ಕೆ ಕಷಾಯ ಮಾತ್ರ ಕುಡಿಯುತ್ತೇನೆ ಎಂದು ಇವರ ಹಟ. ತಿಳಿಯುವುದು ಯಾರಿಗೆ ಬೇಕು, ಗುಣವಾದರೆ ಸಾಲದೇ ಎಂದು ಆಕೆಯ ಕಣ್ಣೀರು. ಕೊನೆಗೆ ಆಕೆ ಮಾತ್ರೆಯನ್ನು ಪುಡಿಮಾಡಿ ಕಷಾಯದಲ್ಲಿ ಬೆರೆಸಿ ಕೊಟ್ಟದ್ದು ನನಗೆ ಗೊತ್ತು. ಅವರಿಗೆ ಗುಣವಾಯಿತು, ಕಷಾಯದ ಗುಣಗಾನ ಮಾಡುತ್ತ ತಿಂಗಳುಗಟ್ಟಲೆ ತಿರುಗಿದರು, ನಾವಿಬ್ಬರೂ ಬಾಯಿ ಬಿಡಲಿಲ್ಲ.

ಅವರು ಅಮಾಸೆಬೈಲಿನವರು. ಗುಡ್ಡ, ಕಾಡು, ಬೇಸಾಯ ಕಂಡವರೇ ಹೊರತು ಪ್ರಾಯಕ್ಕೆ ಬರುವವರೆಗೆ ಕಡಲು ಕಂಡವರಲ್ಲ. ನೀರೆಂದರೆ ಜೀವಭಯ. ಕುಂದಾಪುರಕ್ಕೆ ಹೋಗಬೇಕಾದರೆ ಆಗ ಹೊಳೆಗಳನ್ನು ದೋಣಿಯಲ್ಲೇ ದಾಟಬೇಕಿತ್ತು. ಅವರು ದೋಣಿಯ ನಟ್ಟನಡುವೆ, ಕೊಡೆಯನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ ಕೂರುತ್ತಿದ್ದರು. ಕಣ್ಣು ಮುಚ್ಚಿದರೂ ಕಿವಿ ಮುಚ್ಚುತ್ತಿರಲಿಲ್ಲ. ಒಮ್ಮೆ ದಡ ಮುಟ್ಟಿದವರೇ ನನ್ನನ್ನು ನಿಲ್ಲಿಸಿ ಕೇಳಿದರು: ದೋಣಿ ಅಡ್ಡ ತಿರುಗಿದಾಗ ಅಂಬಿಗ ಏದುಸಿರು ಬಿಟ್ಟನಲ್ಲ, ನೇರ ಇದ್ದಾಗ ಬಿಡಲಿಲ್ಲವಲ್ಲ, ಅದೇ ದೋಣಿ, ಅದೇ ನೀರು, ಹಾಗಾದರೆ ನೀರು ತಡೆದದ್ದು ಯಾವುದನ್ನು? ನನಗೆ ಬಿಸಿಲಿನಲ್ಲಿ ತಲೆನೋವು. ದೋಣಿಯನ್ನೇ ತಡೆದದ್ದು ಎಂದೆ. "ಹೌದಾ? ಕಾಂಬ" ಎಂದು ನಡೆದುಬಿಟ್ಟರು. ನೀರಿನ ತಡೆಯ ಮೇಲೆ ಮಕ್ಕಳಿಂದ ಪ್ರಯೋಗ ಮಾಡಿಸುವ ಹುಚ್ಚು ಅವರಿಗೆ ಹಿಡಿದದ್ದು ಆವತ್ತು.

ಹುಚ್ಚಿಗೆ ಇನ್ನೊಂದು ಕಾರಣವೂ ಇತ್ತು. ನಮ್ಮ ಶಾಲೆಗೆ ದೇವಸ್ಥಾನದ ಬೀದಿಯ ಮಕ್ಕಳು ಮೊದಲಿನಿಂದ ಬರುತ್ತಿದ್ದರು. ಕಡಲತಡಿಯ ಮೀನುಗಾರರ ಕೇರಿಯ ಮಕ್ಕಳನ್ನು ತಂದವರು ಇವರು. ಎರಡು ವರ್ಷ ಮನೆಮನೆ ಬಾಗಿಲಿಗೆ ಹೋಗಿ, ಬೈಸಿಕೊಂಡು, ಬಲೆ ಒಣಗಿಸುವವರ ಪಕ್ಕ ಗಂಟೆಗಟ್ಟಲೆ ಕೂತು ತಂದಿದ್ದರು. ಬಂದ ಮಕ್ಕಳು ಗೋಡೆಯ ಬದಿ ಹಿಡಿದು ಕೂರುತ್ತಿದ್ದವು, ಬಾಯಿ ಬಿಡುತ್ತಿರಲಿಲ್ಲ. ಯಾವಾಗ ಬೇಕಾದರೂ ಎದ್ದು ಹೋಗಿಬಿಟ್ಟಾವು, ಹೋದರೆ ಮತ್ತೆ ಬರಲಾರವು ಎನ್ನುವ ಭಯ ಅವರನ್ನು ಬಿಟ್ಟದ್ದೇ ಇಲ್ಲ. ದಿನಾ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಮೆಟ್ಟಿಲ ಮೇಲೆ ನಿಂತು ಕಡಲಿನ ದಾರಿ ನೋಡುವರು. ಮಕ್ಕಳ ತಲೆ ಕಂಡ ಮೇಲೆಯೇ ಗಂಟೆ. ದೋಣಿಯ ವಿಷಯ ತೆಗೆದರೆ ಇವು ಮಾತಾಡಿಯಾವು ಎಂದು ಅವರ ಲೆಕ್ಕ.

ಆ ಲೆಕ್ಕ ಸರಿಯಾಯಿತು. ನವರಾತ್ರಿ ರಜೆ ಮುಗಿದ ವಾರ ಅವರು ಕೇಳಿದ ಮೊದಲ ಪ್ರಶ್ನೆ, ದೋಣಿಯ ಮೂತಿ ಯಾಕೆ ಚೂಪು ಎಂದು. ಎರಡೂ ಕಡೆಯ ಮಕ್ಕಳು ಒಟ್ಟಿಗೆ, ನೀರು ಸೀಳಲಿಕ್ಕೆ ಎಂದರು. "ಹೌದಾ? ಕಾಂಬ." ಒಂದೇ ಹಲಗೆಯಿಂದ ಮೂರು ತುಂಡು ಮಾಡಿಸಿದರು. ಒಂದು ಚೌಕ, ಒಂದು ಮುಂದೆ ಚೂಪು, ಇನ್ನೊಂದು ಮೀನಿನ ಹಾಗೆ ಮುಂದೆ ದುಂಡಗೆ, ಹಿಂದೆ ಸಪೂರ. ತುಂಡಿಗೆ ಹುರಿ ಕಟ್ಟಿ, ಹುರಿಯನ್ನು ರಾಟೆಯ ಮೇಲೆ ಹಾಯಿಸಿ ತುದಿಗೆ ಕಲ್ಲು ಕಟ್ಟುವುದು. ಕಲ್ಲು ಇಳಿದಂತೆ ತುಂಡು ನೀರಿನಲ್ಲಿ ಓಡುತ್ತದೆ. ಯಾವುದು ಬೇಗ ಬಂತೋ ಅದಕ್ಕೆ ನೀರಿನ ತಡೆ ಕಡಿಮೆ.

ಇಷ್ಟು ಹೇಳಿ ನೀರಿಗೆ ಬಿಡುವುದು ಬಿಟ್ಟು ಇಡೀ ವಾರ ಯೋಜನೆ ಹಾಕಿಸಿದರು. ಅವರದೊಂದೇ ಮಂತ್ರ: "ಒಂದ್ ಬದ್ಲ್ ಮಾಡಿ. ಮತ್ತೆಲ್ಲ ಹಾಂಗೇ ಇರ್ಲಿ." ಬದಲಾಗುವುದು ಆಕಾರ ಮಾತ್ರ. ಹಾಗೇ ಇರಬೇಕಾದದ್ದು ಏನೇನು ಎಂದು ಮಕ್ಕಳೇ ಹೇಳಬೇಕು, ಅವರು ಕರಿಹಲಗೆಯ ಮೇಲೆ ಬರೆಯುವರು. ಹುರಿ ಒಂದೇ, ಕಲ್ಲು ಒಂದೇ, ಹೊರಡುವ ಜಾಗ ಒಂದೇ. ತೂಕವೂ ಒಂದೇ ಆಗಬೇಕಲ್ಲ ಎಂದಳು ಪದ್ದು. ಇವಳು ಕೇರಿಯ ಹುಡುಗಿ, ಹತ್ತು ವರ್ಷದವಳು, ಅಲ್ಲಿಯವರೆಗೆ ನಾನು ಅವಳ ದನಿಯನ್ನೇ ಕೇಳಿರಲಿಲ್ಲ. ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ಮೀನಿನ ತುಂಡು ಹಗುರ ಬಂತು. ಮರುದಿನ ಪದ್ದು ಬಲೆಗೆ ಕಟ್ಟುವ ಸೀಸದ ಗುಂಡು ತಂದು ಅಡಿಗೆ ಸಿಕ್ಕಿಸಿದಳು. ಆಮೇಲೆ ಬೀದಿಯ ಹುಡುಗನೊಬ್ಬ ತಕರಾರು ಎತ್ತಿದ. ಕೈ ಬಿಡುವವನು ಒಂಚೂರು ನೂಕಿದರೆ? ಕೈಯೇ ಬೇಡ, ಗೂಟಕ್ಕೆ ಸಿಕ್ಕಿಸಿ ಗೂಟ ಎಳೆಯುವುದು ಎಂದಳು ಪದ್ದು. ಆವತ್ತು ಬೀದಿಯ ಮಕ್ಕಳೂ ಕೇರಿಯ ಮಕ್ಕಳೂ ಮೊದಲ ಬಾರಿಗೆ ಬಾಯಿಗೆ ಬಾಯಿ ಕೊಟ್ಟು ಜಗಳವಾಡಿದರು. ಹೆಡ್ಮಾಸ್ಟರು ಹೊರಗೆ ಹೋಗಿ ಶಾಲೆಗೆ ಒಂದು ಸುತ್ತು ಹಾಕಿ ಬಂದರು. ಅಷ್ಟು ಖುಷಿ.

ಆದರೆ ನೀರು ಎಲ್ಲಿ? ಹೊಳೆ ತಾನೇ ಓಡುತ್ತದೆ, ಆಗದು. ದೇವಸ್ಥಾನದ ಕೆರೆಗೆ ಎಲ್ಲ ಮಕ್ಕಳೂ ಇಳಿಯುವಂತಿಲ್ಲ. ಸಮಾರಾಧನೆಯ ದೊಡ್ಡ ಕೊಪ್ಪರಿಗೆ ಕೇಳಲು ಬೀದಿಗೆ ಹೋದರು. ಯಾರ್ಯಾರ ಮಕ್ಕಳು ಅದರೊಳಗೆ ಕೈ ಹಾಕುತ್ತಾರೆ ಎಂದು ಬೀದಿಯವರು ಕೇಳಿ, ಉತ್ತರ ಬಂದ ಮೇಲೆ, ಕೊಪ್ಪರಿಗೆ ತೂತಾಗಿದೆ ಎಂದರಂತೆ. ಅವರು ವಾಪಸು ಬಂದು ಕನ್ನಡಕ ಒರೆಸಿದರು, ಒರೆಸಿ ಏನೂ ಹೇಳಲಿಲ್ಲ. ಸಂಜೆ ಪದ್ದುವಿನ ಮನೆಗೆ ಹೋದರು. ಗುಡಿಸಲಿನ ಪಕ್ಕ ತೆಂಗಿನ ಮಡಲು ಮುಚ್ಚಿದ ಹಳೆಯ ಸಣ್ಣ ದೋಣಿ ಬೋರಲು ಬಿದ್ದಿತ್ತು. ಮಕ್ಕಳ ಪಾಠಕ್ಕೆ ದೋಣಿ ಬೇಕಿತ್ತು ಎಂದು ಕೇಳಿದರು. ಅವಳ ಅಪ್ಪ ಸಂತೋಷದಿಂದ ಒಪ್ಪಿದ, ನಾಲ್ಕು ಜನ ಕರೆದು ಹೊರಿಸಿ ತಂದು ಶಾಲೆಯ ಅಂಗಳದಲ್ಲಿ ಇಳಿಸಿಯೂ ಕೊಟ್ಟ. ದೋಣಿಯನ್ನು ಮಕ್ಕಳಿಗೆ ತೋರಿಸುತ್ತಾರೆ ಎಂದು ಅವನು ತಿಳಿದುಕೊಂಡ. ಒಳಗೆ ನೀರು ತುಂಬಿಸುತ್ತೇನೆ ಎಂದು ಇವರು ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಹೇಳಬೇಕಾದ ವಿಷಯ ಎಂದು ಗುಡ್ಡದ ಕಡೆಯ ಇವರ ತಲೆಗೆ ಹೊಳೆಯಲೇ ಇಲ್ಲ. ಅವರ ಕಣ್ಣಿಗೆ ಅದು ಉದ್ದದ ಮರದ ಪಾತ್ರೆ.

ಪ್ರಯೋಗದ ದಿನ ಕೇರಿಯ ಗಂಡಸರು ನಸುಕಿನಲ್ಲೇ ಕಡಲಿಗೆ ಹೋಗಿದ್ದರು. ದೋಣಿಯ ಅಡಿಗೆ ಕಲ್ಲು ಕೊಟ್ಟು ಮಟ್ಟ ಮಾಡಿ, ಮೊದಲ ಕೊಡವನ್ನು ಅವರೇ ಹೊಯ್ದರು. ಆಮೇಲೆ ಮಕ್ಕಳು ಬಾವಿಯಿಂದ ಸಾಲಾಗಿ ಹೊತ್ತು ತಂದರು. ಕೇರಿಯ ಮಕ್ಕಳು ಮಾತು ನಿಲ್ಲಿಸಿದ್ದನ್ನು ನಾನು ಗಮನಿಸಿದೆ. ಕೆಲಸದ ಗಡಿಬಿಡಿ ಅಂದುಕೊಂಡೆ. ಪದ್ದು ಬಾವಿಕಟ್ಟೆಯ ಹತ್ತಿರ ನಿಂತುಬಿಟ್ಟಿದ್ದಳು. ಹೊಟ್ಟೆನೋವೇ ಎಂದು ಕೇಳಿದರೆ ಅಲ್ಲವೆಂದು ತಲೆಯಾಡಿಸಿದಳು. ಮಾಸ್ಟ್ರು ಹೇಳಿದ ಮೇಲೆ ಬೇಡವೆನ್ನುವುದು ಆ ಮಕ್ಕಳಿಗೆ ಗೊತ್ತಿರಲಿಲ್ಲ.

ಮೊದಲು ಚೌಕದ ತುಂಡು ಬಿಟ್ಟರು, ಆಮೇಲೆ ಚೂಪಿನದು, ಆಮೇಲೆ ಮೀನಿನದು. ಮಕ್ಕಳು ಚಪ್ಪಾಳೆ ತಟ್ಟಿ ಒಟ್ಟಾಗಿ ಎಣಿಸುತ್ತಿದ್ದರು. ಮೊದಲು ಬಂದದ್ದು ಮೀನು. ದುಂಡು ಮೂತಿಯದು ಚೂಪನ್ನು ಸೋಲಿಸಿತು. ಎಲ್ಲರ ಊಹೆಯೂ ಬುಡಮೇಲು, ಅವರದೂ ಸಹ. ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ಕಂಡದ್ದು ಆಗಲೇ. ಒಂದು ಸಲಕ್ಕೆ ನಂಬಬಾರದು, ಮತ್ತೆ ಮತ್ತೆ ಬಿಡಬೇಕು ಎಂದು ಹುರಿ ಸುತ್ತಲು ಹೇಳಿದರು. ಆಗ ಗಾಳಿ ಎದ್ದಿತು.

ತೆಂಗಿನ ಗರಿಗಳು ಒಂದೇ ಕಡೆಗೆ ಬಾಗಿದವು. ಆಕಾಶ ಕಪ್ಪಾಗಿ, ಮಧ್ಯಾಹ್ನವೇ ಮುಸ್ಸಂಜೆಯಾಯಿತು. ಅಷ್ಟು ಹೊತ್ತಿಗೆ ದಡ ಸೇರಬೇಕಾದ ದೋಣಿಗಳು ಬಂದಿರಲಿಲ್ಲ. ದಡದಲ್ಲಿ ಕಾಯುತ್ತಿದ್ದ ಹೆಂಗಸರಿಗೆ, ಊಟಕ್ಕೆ ಹೋದ ಮಗುವೊಂದು ಶಾಲೆಯಲ್ಲಿ ನಡೆದದ್ದನ್ನು ಹೇಳಿಬಿಟ್ಟಿತ್ತು. ಆ ಹೆಂಗಸರು ಮರಳು ತುಳಿದುಕೊಂಡು ಬಂದರು. ಮುಂದೆ ಪದ್ದುವಿನ ಅಜ್ಜಿ. ಕೂಗಾಟ ಇರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಅಜ್ಜಿ ದೋಣಿಯೊಳಗಿನ ನೀರು ನೋಡಿದಳು. ಅದರಲ್ಲಿ ಮೀನಿನ ತುಂಡು ತೇಲುತ್ತಿತ್ತು. "ಗಂಡಸ್ರ್ ಕಡಲಂಗೆ ಇಪ್ಪ್ ಹೊತ್ತಿಗೆ ದೋಣಿಗ್ ನೀರ್ ತುಂಬ್ಸುದಾ ಮಾಸ್ಟ್ರೆ?" ಎಂದಳು. "ನನ್ ಮಗ ಅಲ್ಲಿತ್ತ."

ಗಂಡಸರು ಕಡಲಲ್ಲಿರುವಾಗ ದಡದ ದೋಣಿಗೆ ನೀರು ತುಂಬಿದರೆ ಕಡಲಿನ ದೋಣಿಗೂ ನೀರು ತುಂಬುತ್ತದೆ ಎಂಬ ಕೇರಿಯ ನಂಬಿಕೆ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವರು ಕರಿಹಲಗೆಯ ಮೇಲೆ ಅಷ್ಟೆಲ್ಲ ಬರೆದಿದ್ದರು, ಕಡಲಿಗೆ ಹೋದವರು ಅದರಲ್ಲಿ ಇರಲಿಲ್ಲ. ಅವರು ದೋಣಿಯ ಅಂಚು ಹಿಡಿದು ವಾಲಿಸಿ ನೀರು ಚೆಲ್ಲಲು ಹೋದರು. ದೋಣಿ ಮಗುಚಿದ ಹಾಗೆ ಕಂಡು ಹೆಂಗಸರೆಲ್ಲ ಒಮ್ಮೆಗೇ ಉಸಿರೆಳೆದರು. ಅಜ್ಜಿ ಅವರ ಕೈ ಹಿಡಿದಳು. "ಮಗ್ಚುಕಾಗ. ಹೊಯ್ದ್ ಕೈಯಂಗೇ ತೆಗೀಕ್."

ನನಗೆ ತಡೆಯಲಾಗಲಿಲ್ಲ. ಅವರನ್ನು ಬದಿಗೆ ಕರೆದು ಹೇಳಿದೆ. ಗಾಳಿಗೂ ಈ ನೀರಿಗೂ ಏನು ಸಂಬಂಧ ಎಂದು ಎಲ್ಲರ ಎದುರು ಕೇಳಿ, ನೀವು ಕೇಳದಿದ್ದರೆ ಇಡೀ ವಾರ ಕಲಿಸಿದ್ದು ನೀರಿನಲ್ಲಿ ಮಾಡಿದ ಹೋಮ, ಮಕ್ಕಳು ನೋಡುತ್ತಿದ್ದಾರೆ ಎಂದೆ. ಅವರು ಕನ್ನಡಕ ತೆಗೆದರು, ಒರೆಸಲಿಲ್ಲ, ನನ್ನ ಕೈಗೆ ಕೊಟ್ಟರು. ಕೋಟು ಬಿಚ್ಚಿ ಅದನ್ನೂ ಕೊಟ್ಟರು. ಬಾವಿಕಟ್ಟೆಯ ಮೇಲಿದ್ದ ತೆಂಗಿನ ಗೆರಟೆ ತೆಗೆದುಕೊಂಡು ದೋಣಿಯ ಪಕ್ಕ ಮಂಡಿಯೂರಿ ಮೊಗೆಯತೊಡಗಿದರು.

ಮಕ್ಕಳೂ ಹೊಯ್ದಿದ್ದಾರಲ್ಲ ಎಂದು ಯಾರೋ ಗೊಣಗಿದರು. ಮಕ್ಕಳು ಹೊಯ್ದದ್ದು ನನ್ನ ಮಾತಿಗೆ, ಎಲ್ಲ ನನ್ನ ಕೈಯೇ ಎಂದು ಅವರು ತಲೆಯೆತ್ತದೆ ಹೇಳಿದರು. ಅರ್ಧ ಇಳಿಯುವಷ್ಟರಲ್ಲಿ ಮಳೆ ಹನಿಯಿತು. ಅವರು ತೆಗೆಯುತ್ತಿದ್ದ ದೋಣಿಗೆ ಆಕಾಶ ನೀರು ಹೊಯ್ಯಲು ಶುರುಮಾಡಿತು. ಹೆಂಗಸರು ಮಡಲು ಎಳೆದು ತಂದರು. ನಾನೂ ಒಂದು ತುದಿ ಹಿಡಿದೆ. ನಾವು ಸಾಲಾಗಿ ನಿಂತು ದೋಣಿಯ ಮೇಲೆ ಅದನ್ನು ಚಪ್ಪರದ ಹಾಗೆ ಹಿಡಿದೆವು, ಅವರು ಅದರಡಿ ಬಾಗಿ ಮೊಗೆದರು. ಮಡಲು ಗಾಳಿಗೆ ಕೈಯಿಂದ ಕಿತ್ತುಹೋಗುವಂತಿತ್ತು. ಯಾರ ಕಣ್ಣೂ ದೋಣಿಯ ಮೇಲಿರಲಿಲ್ಲ, ಎಲ್ಲರೂ ಕಡಲಿನ ಕಡೆಗೇ ನೋಡುತ್ತಿದ್ದರು. ಪದ್ದು ಮಾತ್ರ ಗೆರಟೆ ನೋಡುತ್ತಿದ್ದಳು. ನೀರು ಮುಗಿದ ಮೇಲೆ ಅವರು ಪಂಚೆಯ ಚುಂಗಿನಿಂದ ಮೂಲೆಮೂಲೆ ಒರೆಸಿದರು. ನಾನು ಕೈ ಹಿಡಿದೆತ್ತಿದೆ. ಅವರ ಅಂಗೈ ಬೊಬ್ಬೆ ಎದ್ದು ಒಡೆದಿತ್ತು.

ಗಾಳಿ ಬಿದ್ದಿತು, ಮಳೆಯೂ ನಿಂತಿತು. ದಡಕ್ಕೆ ಎಲ್ಲರೊಡನೆ ಅವರೂ ಬಂದರು. ನೀರು ಕಂಡರೆ ಹೆದರುವ ಮನುಷ್ಯ ಅಲೆ ಕಾಲಿಗೆ ತಾಗುವಲ್ಲಿ ನಿಂತಿದ್ದರು. ಕನ್ನಡಕ ನನ್ನ ಕೈಯಲ್ಲೇ ಇತ್ತು, ಅವರಿಗೆ ದೂರದ್ದೇನೂ ಕಾಣುತ್ತಿರಲಿಲ್ಲ. ಹೊತ್ತು ಮುಳುಗುವ ಮೊದಲು ದೋಣಿಗಳು ಒಂದೊಂದಾಗಿ ಬಂದವು. ಕೊನೆಗೆ ಬಂದದ್ದು ಪದ್ದುವಿನ ಅಪ್ಪನದು. ಅಜ್ಜಿ ಮರಳಿನಲ್ಲಿ ಕುಕ್ಕರಿಸಿ ಅತ್ತಳು.

ಮರುದಿನ ಕೇರಿಯ ಒಂದು ಮಗುವೂ ಬರಲಿಲ್ಲ. ಅವರು ಮೆಟ್ಟಿಲ ಮೇಲೆ ನಿಂತೇ ಇದ್ದರು, ಗಂಟೆ ಹೊಡೆಯಲಿಲ್ಲ. ಬಿಸಿಲು ಏರಿದ ಮೇಲೆ ಪದ್ದುವಿನ ಅಪ್ಪ ಅವಳ ಕೈ ಹಿಡಿದುಕೊಂಡು ಬಂದ. ಉಳಿದ ಮಕ್ಕಳು, ಅವರ ತಾಯಂದಿರು ಹಿಂದೆ ರಸ್ತೆಯ ಬದಿಯಲ್ಲೇ ನಿಂತರು. ಅವನು ಅಂಗಳದಲ್ಲಿ ಚಪ್ಪಲಿಯಿಲ್ಲದ ಕಾಲು ಜೋಡಿಸಿ ಕೈ ಮುಗಿದ.

"ನೀವ್ ನೀರ್ ತೆಗ್ದದ್ದಕ್ಕೆ ನಾವ್ ಜೀವದಂಗೆ ಬಂದದ್ದ್ ಮಾಸ್ಟ್ರೆ. ನಿಮ್ ಕೈ ದೊಡ್ದ್ ಕೈ ಅಂದ್ ಅಬ್ಬಿ ಹೇಳ್ತ್ರ್. ಇನ್ ಮಕ್ಕಳ್ ನಿಮ್ಮದೇ."

ಅವನ ತಾಯಿ, ಆ ಅಜ್ಜಿಯೇ, ಹಾಗೆ ಹೇಳಿದಳೆಂದು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ಇನ್ನೇನು ಬೇಕು? ಸುಮ್ಮನೆ ತಲೆಯಾಡಿಸಿದರೆ ಸಾಕು, ಇಡೀ ಕೇರಿ ನಮ್ಮದು. ತಲೆಯಾಡಿಸಿ, ದಮ್ಮಯ್ಯ ತಲೆಯಾಡಿಸಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಕನ್ನಡಕ ತೆಗೆದರು. ಬೊಬ್ಬೆ ಎದ್ದ ಕೈಯಲ್ಲಿ ಒರೆಸಲು ಬಾರದೆ ತಡವರಿಸುತ್ತ ಬಹಳ ಹೊತ್ತು ಒರೆಸಿದರು.

"ಅಲ್ಲ. ಗಾಳಿ ಬಿದ್ದದ್ದಕ್ಕೆ ನೀವ್ ಬಂದ್ರಿ. ನಾ ನೀರ್ ತೆಗ್ದದ್ದ್ ನಿಮ್ ಅಬ್ಬಿ ಹೆದ್ರಿದ್ರಲ್ದಾ, ಅದ್ಕೆ."

ರಸ್ತೆಯ ಬದಿಯಲ್ಲಿ ಗುಸುಗುಸು ಎದ್ದಿತು. ಮುಗಿದಿದ್ದ ಅವನ ಕೈ ಮೆಲ್ಲಗೆ ಕೆಳಗಿಳಿಯಿತು. ಕೊಟ್ಟ ಮರ್ಯಾದೆಯನ್ನು ಎದುರಿಗೇ ಬಿಸಾಡಿದ ಹಾಗಾಗಿತ್ತು ಅವನಿಗೆ. ಎರಡು ವರ್ಷದ ಶ್ರಮವನ್ನು ಎರಡು ಮಾತಿನಲ್ಲಿ ಕಳೆದರಲ್ಲ ಎಂದು ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವನು ನೆಲ ನೋಡುತ್ತ ಯೋಚಿಸಿದ. ಆಮೇಲೆ, ಹಾಗಾದರೆ ನೀವು ನೀರು ಹೊಯ್ದದ್ದಕ್ಕೆ ಗಾಳಿ ಬಂದದ್ದೂ ಅಲ್ಲ ಅಂತ ಆಯಿತಲ್ಲ ಎಂದು ಕೇಳಿದ.

ಅದೂ ಅಲ್ಲ ಎಂದರು ಅವರು. ಆದರೂ ನಿಮ್ಮನ್ನು ಕೇಳದೆ ಹೊಯ್ದದ್ದು ತಪ್ಪು, ಅದು ಬೇರೆ ಮಾತು ಎಂದರು.

ಅವನು ಮಗಳ ಕೈ ಹಿಡಿದೇ ನಿಂತಿದ್ದ. ತಿರುಗಿ ಹೊರಟರೆ ರಸ್ತೆಯಲ್ಲಿದ್ದವರೆಲ್ಲ ಅವನ ಹಿಂದೆ ಹೊರಡುವವರೇ. ಮಾತಾಡಿದವಳು ಪದ್ದು.

"ಅಪ್ಪಯ್ಯ ಬರ್ದೇ ಇದ್ದಿರೆ? ಆಗ್ಳೂ ಹೀಂಗೇ ಹೇಳ್ತಿದ್ರಿಯಾ ಮಾಸ್ಟ್ರೆ?"

ಅಂಥ ಪ್ರಶ್ನೆಯನ್ನು ಆ ಶಾಲೆಯಲ್ಲಿ ಯಾರೂ ಯಾರಿಗೂ ಕೇಳಿರಲಿಲ್ಲ. ಅವಳ ಅಪ್ಪ ಗದರಲು ಹೋಗಿ ಗದರಲಿಲ್ಲ, ಅವನಿಗೂ ಉತ್ತರ ಬೇಕಿತ್ತು. ಅವರು ಕನ್ನಡಕ ಹಾಕಿಕೊಂಡು ಅವಳನ್ನೇ ನೋಡಿದರು.

"ಹೇಳೂಕೆ ನಂಗೆ ಬಾಯಿ ಬತ್ತಿರ್ಲಿಲ್ಲೆ ಮಗಾ. ನಿನ್ ಮುಖ ಕಾಂಬುಕೂ ಆತಿರ್ಲಿಲ್ಲೆ. ಆರೆ ಆಗ್ಳೂ ನಿಜ ಇದೇ ಆತಿತ್ತ್."

ಪದ್ದು ಅಪ್ಪನ ಕೈ ಬಿಡಿಸಿಕೊಂಡು, ಅವರನ್ನು ದಾಟಿ ಮೆಟ್ಟಿಲು ಹತ್ತಿ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು.